ದೊಡ್ಡ ಗಾತ್ರದ ವೀಡಿಯೊ ಕಡತಗಳನ್ನು ಡಿ.ವಿ.ಡಿ.ಗೆ ಅಳವಡಿಸಿ ಸಲ್ಲಿಸುವ ಕ್ರಮ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ದೂರು, ಪರಿಹಾರದ ಅರ್ಜಿ, ಮೇಲ್ಮನವಿ ಮುಂತಾದವುಗಳೊಂದಿಗೆ ವೀಡಿಯೊ ದೃಶ್ಯಾವಳಿಯನ್ನು ಲಗತ್ತಿಸುವ ಅರ್ಜಿದಾರರ ಸಂಖ್ಯೆ ಕಡಿಮೆಯೇನಲ್ಲ. ಮನೆಯ ಅಥವಾ ಅಂಗಡಿಯ ಸಿ.ಸಿ. ಕ್ಯಾಮೆರಾದ ದೃಶ್ಯ, ಮೊಬೈಲ್ ದೂರವಾಣಿಯಲ್ಲಿ ಚಿತ್ರೀಕರಿಸಿದ ದೃಶ್ಯ, ಸಭೆ ಅಥವಾ ಸ್ಥಳ ಪರಿಶೀಲನೆಯ ಚಿತ್ರೀಕರಣ ಇವು ಸಾಮಾನ್ಯವಾಗಿ ಸಲ್ಲಿಕೆಯಾಗುವ ದೃಶ್ಯಾವಳಿಗಳು. ಪೆನ್‌ಡ್ರೈವ್ ಬಳಕೆ ವ್ಯಾಪಕವಾಗಿದ್ದರೂ ಕಚೇರಿಯ ಕಡತದಲ್ಲಿ ಇರಿಸುವ ಪ್ರತಿಗೆ ಸಿ.ಡಿ. ಅಥವಾ ಡಿ.ವಿ.ಡಿ.ಯನ್ನು ಕೇಳುವ ಕಚೇರಿಗಳು ಇವೆ. ಒಮ್ಮೆ ಬರೆದು ಮುಕ್ತಾಯಗೊಳಿಸಿದ ಡಿಸ್ಕ್‌ನಲ್ಲಿರುವ ದೃಶ್ಯವನ್ನು ಅಳಿಸಿ ಬೇರೊಂದನ್ನು ಬರೆಯಲು ಬರುವುದಿಲ್ಲ ಎಂಬುದೇ ಇದಕ್ಕೆ ಮುಖ್ಯ ಕಾರಣ.

ಅರ್ಜಿದಾರರಿಗೆ ಎದುರಾಗುವ ಮೊದಲ ತೊಡಕು ಗಾತ್ರದ್ದು. ಕಡತ ದೊಡ್ಡದು, ಡಿಸ್ಕ್ ಚಿಕ್ಕದು. ಇಂತಹ ಸಂದರ್ಭದಲ್ಲಿ ಕಡತವನ್ನು ಕುಗ್ಗಿಸಿ ಒಂದೇ ಡಿಸ್ಕ್‌ಗೆ ತುಂಬಿಸುವುದು ರೂಢಿಯಲ್ಲಿದೆ. ಮದುವೆ, ನಾಮಕರಣದ ದೃಶ್ಯಗಳಿಗೆ ಇದರಿಂದ ಹೆಚ್ಚಿನ ಬಾಧಕವಿಲ್ಲ. ಆದರೆ ದಾಖಲೆಯಾಗಿ ಸಲ್ಲಿಸುವ ದೃಶ್ಯವನ್ನು ಕುಗ್ಗಿಸಿದಲ್ಲಿ ಯಾವ ವಿವರಕ್ಕಾಗಿ ಅದನ್ನು ಸಲ್ಲಿಸಲಾಗುತ್ತಿದೆಯೋ ಆ ವಿವರವೇ ಅಳಿಸಿಹೋಗುವ ಸಂಭವವಿರುತ್ತದೆ. ಆದುದರಿಂದ ದಾಖಲೆಯ ದೃಶ್ಯವನ್ನು ಭಾಗ ಮಾಡಿ ಸಲ್ಲಿಸಬೇಕೇ ಹೊರತು ಕುಗ್ಗಿಸಿ ಸಲ್ಲಿಸಬಾರದು. ಇದರ ಕಾರಣಗಳನ್ನೂ ಅನುಸರಿಸಬೇಕಾದ ಕ್ರಮವನ್ನೂ ಈ ಕೆಳಗೆ ವಿವರಿಸಲಾಗಿದೆ.

1. ಡಿಸ್ಕ್‌ಗಳ ವಿಧಗಳು ಮತ್ತು ಧಾರಣ ಸಾಮರ್ಥ್ಯ

ಒಮ್ಮೆ ಮಾತ್ರ ಬರೆಯಬಹುದಾದ ಡಿಸ್ಕ್‌ಗಳ ಸಾಮರ್ಥ್ಯ ಈ ಕೆಳಕಂಡಂತಿದೆ:

ಅ) ಸಿ.ಡಿ.-ಆರ್: 700 ಮೆಗಾಬೈಟ್
ಆ) ಡಿ.ವಿ.ಡಿ.-ಆರ್ ಮತ್ತು ಡಿ.ವಿ.ಡಿ.+ಆರ್ (ಒಂದು ಪದರ): 4.7 ಗಿಗಾಬೈಟ್
ಇ) ಡಿ.ವಿ.ಡಿ. ಎರಡು ಪದರ (ಡ್ಯುಯಲ್ ಲೇಯರ್ ಅಥವಾ ಡಬಲ್ ಲೇಯರ್): 8.5 ಗಿಗಾಬೈಟ್
ಈ) ಬ್ಲೂ-ರೇ ಡಿಸ್ಕ್ (ಒಂದು ಪದರ): 25 ಗಿಗಾಬೈಟ್
ಉ) ಬ್ಲೂ-ರೇ ಡಿಸ್ಕ್ (ಎರಡು ಪದರ): 50 ಗಿಗಾಬೈಟ್

ಇವೆಲ್ಲವೂ ನೋಡಲು ಒಂದೇ ಅಳತೆಯ, 12 ಸೆಂಟಿಮೀಟರ್ ವ್ಯಾಸದ ಡಿಸ್ಕ್‌ಗಳು. ಡಿ.ವಿ.ಡಿ. ಡ್ರೈವ್‌ನಲ್ಲಿ ಸಿ.ಡಿ.ಯನ್ನು ಓದಬಹುದು. ಆದರೆ ಬ್ಲೂ-ರೇ ಡಿಸ್ಕ್‌ಗೆ ಪ್ರತ್ಯೇಕ ಡ್ರೈವ್ ಬೇಕಾಗುತ್ತದೆ. ಸ್ವೀಕರಿಸುವ ಕಚೇರಿಯಲ್ಲಿ ಆ ಸೌಲಭ್ಯವಿದೆಯೇ ಎಂಬುದನ್ನು ವಿಚಾರಿಸದೆ ಬ್ಲೂ-ರೇ ಡಿಸ್ಕ್ ಸಲ್ಲಿಸುವುದು ಸೂಕ್ತವಲ್ಲ.

ಡಿಸ್ಕ್‌ನ ಹೊದಿಕೆಯ ಮೇಲೆ 4.7 ಎಂದು ಮುದ್ರಿತವಾಗಿದ್ದರೂ ಗಣಕಯಂತ್ರದಲ್ಲಿ ಸುಮಾರು 4.37 ಎಂದು ಕಾಣಿಸುತ್ತದೆ. ಇದು ಡಿಸ್ಕ್‌ನ ದೋಷವಲ್ಲ. ಡಿಸ್ಕ್ ತಯಾರಕರು 100 ಕೋಟಿ ಬೈಟ್‌ಗಳನ್ನು ಒಂದು ಗಿಗಾಬೈಟ್ ಎಂದು ಲೆಕ್ಕ ಹಾಕುತ್ತಾರೆ. ವಿಂಡೋಸ್ ವ್ಯವಸ್ಥೆಯು 107.37 ಕೋಟಿ ಬೈಟ್‌ಗಳನ್ನು ಒಂದು ಗಿಗಾಬೈಟ್ ಎಂದು ತೋರಿಸುತ್ತದೆ. 470 ಕೋಟಿಯನ್ನು 107.37 ಕೋಟಿಯಿಂದ ಭಾಗಿಸಿದಾಗ 4.37 ದೊರೆಯುತ್ತದೆ. ಗಣಕಯಂತ್ರದಲ್ಲಿ 4.5 ಗಿಗಾಬೈಟ್ ಎಂದು ತೋರುವ ಕಡತವು ಒಂದು ಪದರದ ಡಿ.ವಿ.ಡಿ.ಯಲ್ಲಿ ಏಕೆ ಹಿಡಿಯುವುದಿಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಗಣಕಯಂತ್ರ ತೋರಿಸುವ ಲೆಕ್ಕದಲ್ಲಿ 4.3ನ್ನು ಮಿತಿಯಾಗಿ ಇರಿಸಿಕೊಳ್ಳುವುದು ಸುರಕ್ಷಿತ.

2. ದೃಶ್ಯಾವಳಿಯ ಗಾತ್ರವನ್ನು ಲೆಕ್ಕ ಹಾಕುವ ವಿಧಾನ

ವೀಡಿಯೊ ಕಡತದ ಗಾತ್ರವು ಎರಡು ಅಂಶಗಳನ್ನು ಅವಲಂಬಿಸಿರುತ್ತದೆ: ದೃಶ್ಯದ ಅವಧಿ ಮತ್ತು ಬಿಟ್ ದರ. ಪ್ರತಿ ಸೆಕೆಂಡಿನ ದೃಶ್ಯಕ್ಕೆ ಎಷ್ಟು ಬಿಟ್ ಮಾಹಿತಿಯನ್ನು ಉಪಯೋಗಿಸಲಾಗಿದೆ ಎಂಬುದೇ ಬಿಟ್ ದರ. ಸಿ.ಸಿ. ಕ್ಯಾಮೆರಾದ ದೃಶ್ಯಗಳನ್ನು ಸಂಗ್ರಹಿಸುವ ಯಂತ್ರವಾದ ಡಿ.ವಿ.ಆರ್.ನ ಸೆಟ್ಟಿಂಗ್ ಪುಟದಲ್ಲಿ ಇದನ್ನು ನೋಡಬಹುದು. ಮೊಬೈಲ್ ದೃಶ್ಯವಾದಲ್ಲಿ ಕಡತದ ವಿವರಗಳಲ್ಲಿ ಇದು ದೊರೆಯುತ್ತದೆ.

ಸರಳ ಸೂತ್ರ: ಸೆಕೆಂಡಿಗೆ 1 ಮೆಗಾಬಿಟ್ ದರದಲ್ಲಿ 1 ಗಂಟೆಯ ದೃಶ್ಯಕ್ಕೆ 0.45 ಗಿಗಾಬೈಟ್ ಬೇಕು. ಬಿಟ್ ದರವನ್ನು 0.45ರಿಂದ ಗುಣಿಸಿದಲ್ಲಿ ಒಂದು ಗಂಟೆಯ ಗಾತ್ರ ತಿಳಿಯುತ್ತದೆ.

ಈ ಸೂತ್ರದಂತೆ,

ಅ) 2 ಮೆಗಾಬಿಟ್ ದರದಲ್ಲಿ 1 ಗಂಟೆಗೆ 0.9 ಗಿಗಾಬೈಟ್. ಒಂದು ಡಿ.ವಿ.ಡಿ.ಯಲ್ಲಿ ಸುಮಾರು 5 ಗಂಟೆಗಳ ದೃಶ್ಯ.
ಆ) 4 ಮೆಗಾಬಿಟ್ ದರದಲ್ಲಿ 1 ಗಂಟೆಗೆ 1.8 ಗಿಗಾಬೈಟ್. ಒಂದು ಡಿ.ವಿ.ಡಿ.ಯಲ್ಲಿ ಸುಮಾರು ಎರಡೂವರೆ ಗಂಟೆಗಳ ದೃಶ್ಯ.
ಇ) 17 ಮೆಗಾಬಿಟ್ ದರದಲ್ಲಿ (ಮೊಬೈಲ್‌ನಲ್ಲಿ ಉತ್ತಮ ಗುಣಮಟ್ಟದ ಚಿತ್ರೀಕರಣ) 1 ಗಂಟೆಗೆ 7.65 ಗಿಗಾಬೈಟ್. ಒಂದು ಡಿ.ವಿ.ಡಿ.ಯಲ್ಲಿ ಸುಮಾರು 36 ನಿಮಿಷಗಳ ದೃಶ್ಯ.

ಎಷ್ಟು ಡಿಸ್ಕ್‌ಗಳು ಬೇಕು ಎಂಬುದನ್ನು ಈ ಲೆಕ್ಕದಿಂದ ಮೊದಲೇ ತಿಳಿದುಕೊಂಡಲ್ಲಿ ಕುಗ್ಗಿಸುವ ಪ್ರಶ್ನೆಯೇ ಬಹುಮಟ್ಟಿಗೆ ಏಳುವುದಿಲ್ಲ.

3. ಒಂದು ನಿದರ್ಶನ

ಬನಶಂಕರಿ 3ನೇ ಹಂತಕ್ಕೆ ಹೊಂದಿಕೊಂಡಿರುವ ಕತ್ರಿಗುಪ್ಪೆಯು ಹೊರವರ್ತುಲ ರಸ್ತೆ ಹಾದುಹೋಗುವ, ವಸತಿ ಮತ್ತು ವ್ಯಾಪಾರ ಎರಡೂ ದಟ್ಟವಾಗಿರುವ ಪ್ರದೇಶ. ಇಲ್ಲಿನ ವಸತಿ ಸಮುಚ್ಚಯವೊಂದರ ಮುಂದೆ ರಾತ್ರಿ ರಸ್ತೆ ದಾಟುತ್ತಿದ್ದ ಹಿರಿಯ ನಾಗರಿಕರೊಬ್ಬರಿಗೆ ವಾಹನವೊಂದು ಡಿಕ್ಕಿ ಹೊಡೆದು ನಿಲ್ಲದೆ ಹೋಯಿತು ಎಂದು ಭಾವಿಸೋಣ. ಸಮುಚ್ಚಯದ ಮೂರು ಕ್ಯಾಮೆರಾಗಳು ರಸ್ತೆಯ ಕಡೆಗಿವೆ. ರಾತ್ರಿ 8ರಿಂದ 10 ಗಂಟೆಯವರೆಗಿನ ದೃಶ್ಯ ಬೇಕಾಗಿದೆ. ಬಿಟ್ ದರ 4 ಮೆಗಾಬಿಟ್.

ಮೂರು ಕ್ಯಾಮೆರಾಗಳಿಂದ ತಲಾ 2 ಗಂಟೆಗಳಂತೆ ಒಟ್ಟು 6 ಗಂಟೆಗಳ ದೃಶ್ಯಕ್ಕೆ 10.8 ಗಿಗಾಬೈಟ್ ಆಗುತ್ತದೆ. ಇದನ್ನು ಒಂದೇ ಸಿ.ಡಿ.ಗೆ ತುಂಬಿಸಲು ಹೊರಟಲ್ಲಿ ದೃಶ್ಯದ ಮಾಹಿತಿಯನ್ನು ಸುಮಾರು ಹದಿನೈದರಲ್ಲಿ ಒಂದು ಭಾಗಕ್ಕೆ ಇಳಿಸಬೇಕಾಗುತ್ತದೆ. ವಾಹನ ಹಾದುಹೋದದ್ದು ಆಗಲೂ ಕಾಣುತ್ತದೆ, ಆದರೆ ಅದರ ನೋಂದಣಿ ಸಂಖ್ಯೆ ಓದಲು ಬಾರದಂತಾಗಬಹುದು. ಬದಲಿಗೆ ಪ್ರತಿ ಕ್ಯಾಮೆರಾದ 2 ಗಂಟೆಗಳ ದೃಶ್ಯವನ್ನು (3.6 ಗಿಗಾಬೈಟ್) ಒಂದೊಂದು ಡಿ.ವಿ.ಡಿ.ಗೆ ಬರೆದಲ್ಲಿ ಮೂರು ಡಿ.ವಿ.ಡಿ.ಗಳಲ್ಲಿ ಎಲ್ಲವೂ ಇದ್ದಂತೆಯೇ ಅಡಕವಾಗುತ್ತದೆ.

ಎರಡು ಡಿಸ್ಕ್‌ಗಳ ಉಳಿತಾಯದಿಂದ ಆಗಬಹುದಾದ ನಷ್ಟವೇನು ಎಂಬುದನ್ನು ಗಮನಿಸತಕ್ಕದ್ದು. ಡಿಕ್ಕಿ ಹೊಡೆದ ವಾಹನ ಪತ್ತೆಯಾಗದಿದ್ದಲ್ಲಿ, 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವ ಹಿಟ್ ಅಂಡ್ ರನ್ ಮೋಟಾರು ಅಪಘಾತ ಸಂತ್ರಸ್ತರ ಪರಿಹಾರ ಯೋಜನೆಯಡಿ ತೀವ್ರ ಗಾಯಕ್ಕೆ 50,000 ರೂಪಾಯಿ, ಮರಣ ಸಂಭವಿಸಿದಲ್ಲಿ 2 ಲಕ್ಷ ರೂಪಾಯಿ ನಿಗದಿತ ಪರಿಹಾರ ದೊರೆಯುತ್ತದೆ. ವಾಹನ ಪತ್ತೆಯಾದಲ್ಲಿ ಗಾಯಾಳುವು ವಾಹನದ ಮಾಲೀಕರು ಮತ್ತು ವಿಮಾ ಸಂಸ್ಥೆಯ ವಿರುದ್ಧ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಅರ್ಜಿ ಸಲ್ಲಿಸಬಹುದು. ಅಲ್ಲಿ ಚಿಕಿತ್ಸೆಯ ವೆಚ್ಚ, ದುಡಿಮೆಯ ನಷ್ಟ, ಅಂಗವೈಕಲ್ಯ ಇವುಗಳನ್ನು ಪರಿಗಣಿಸಿ ಪರಿಹಾರ ನಿರ್ಧರಿಸಲಾಗುತ್ತದೆ. ಈ ಎರಡು ಹಾದಿಗಳಲ್ಲಿ ಯಾವುದು ಎಂಬುದು ಕೆಲವೊಮ್ಮೆ ನೋಂದಣಿ ಫಲಕದ ನಾಲ್ಕು ಅಂಕಿಗಳು ಸ್ಪಷ್ಟವಾಗಿ ಕಾಣುವುದನ್ನೇ ಅವಲಂಬಿಸಿರುತ್ತದೆ.

4. ಮೊದಲ ಕೆಲಸ: ದೃಶ್ಯವನ್ನು ಉಳಿಸಿಕೊಳ್ಳುವುದು

ಡಿ.ವಿ.ಆರ್. ಯಂತ್ರದ ಹಾರ್ಡ್ ಡಿಸ್ಕ್ ತುಂಬಿದ ನಂತರ ಹಳೆಯ ದೃಶ್ಯಗಳ ಮೇಲೆಯೇ ಹೊಸ ದೃಶ್ಯಗಳು ಬರೆಯಲ್ಪಡುತ್ತವೆ. ಎಷ್ಟು ದಿನಗಳ ದೃಶ್ಯ ಉಳಿಯುತ್ತದೆ ಎಂಬುದು ಕ್ಯಾಮೆರಾಗಳ ಸಂಖ್ಯೆ, ಬಿಟ್ ದರ ಮತ್ತು ಹಾರ್ಡ್ ಡಿಸ್ಕ್‌ನ ಸಾಮರ್ಥ್ಯಕ್ಕೆ ಒಳಪಟ್ಟಿರುತ್ತದೆ. ಹೆಚ್ಚು ಜನ ಸೇರುವ ಸಂಸ್ಥೆಗಳು ಕ್ಯಾಮೆರಾ ಅಳವಡಿಸಿ 30 ದಿನಗಳ ದೃಶ್ಯವನ್ನು ಉಳಿಸಿಡಬೇಕೆಂದು ಕರ್ನಾಟಕ ಸಾರ್ವಜನಿಕ ಸುರಕ್ಷತಾ (ಕ್ರಮಗಳ) ಜಾರಿ ಅಧಿನಿಯಮ, 2017 ವಿಧಿಸುತ್ತದೆ. ಸಣ್ಣ ಅಂಗಡಿ ಮತ್ತು ಮನೆಗಳ ಯಂತ್ರಗಳಲ್ಲಿ ಕೆಲವೇ ದಿನಗಳ ದೃಶ್ಯ ಉಳಿದಿರುವುದೂ ಉಂಟು. ಆದುದರಿಂದ ಘಟನೆ ನಡೆದ ಕೂಡಲೇ ಸಂಬಂಧಪಟ್ಟವರನ್ನು ಭೇಟಿಯಾಗಿ ದೃಶ್ಯವನ್ನು ಪ್ರತಿ ಮಾಡಿಸಿಕೊಳ್ಳತಕ್ಕದ್ದು.

ಕ್ಯಾಮೆರಾದ ಮಾಲೀಕರು ದೃಶ್ಯವನ್ನು ನೀಡಲು ಒಪ್ಪದಿದ್ದಲ್ಲಿ ಅವರೊಂದಿಗೆ ವಾದಕ್ಕೆ ಇಳಿಯುವ ಅಗತ್ಯವಿಲ್ಲ. ದಿನಾಂಕ, ಸಮಯ ಹಾಗೂ ಕ್ಯಾಮೆರಾ ಇರುವ ಸ್ಥಳವನ್ನು ನಮೂದಿಸಿ ಪೊಲೀಸ್ ಠಾಣೆಗೆ ಲಿಖಿತ ಕೋರಿಕೆ ಸಲ್ಲಿಸಬಹುದು. ತನಿಖೆಗೆ ಅಗತ್ಯವಾದ ದಾಖಲೆ ಅಥವಾ ಸಾಧನವನ್ನು ಹಾಜರುಪಡಿಸುವಂತೆ ಸೂಚಿಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ ಪ್ರಕರಣ 94ರಡಿ ಅವಕಾಶವಿದೆ.

ಡಿ.ವಿ.ಆರ್. ಯಂತ್ರದ ಗಡಿಯಾರ ತಪ್ಪಾಗಿರುವುದು ಸಾಮಾನ್ಯ. ಪ್ರತಿ ಮಾಡುವ ಸಮಯದಲ್ಲಿ ಯಂತ್ರ ತೋರಿಸುವ ವೇಳೆಯನ್ನೂ ನಿಜವಾದ ವೇಳೆಯನ್ನೂ ಬರೆದಿಟ್ಟುಕೊಳ್ಳಬೇಕು. ಗಡಿಯಾರವನ್ನು ಸರಿಪಡಿಸಲು ಹೋಗಬಾರದು.

5. ಡಿಸ್ಕ್‌ಗೆ ಹೊಂದಿಸುವ ಮಾರ್ಗಗಳು

ಕಡತವನ್ನು ಡಿಸ್ಕ್‌ಗೆ ಹೊಂದಿಸಲು ನಾಲ್ಕು ಮಾರ್ಗಗಳಿವೆ. ಮೊದಲ ಮೂರರಲ್ಲಿ ದೃಶ್ಯದ ಗುಣಮಟ್ಟಕ್ಕೆ ಧಕ್ಕೆಯಿಲ್ಲ.

ಅ) ಯಂತ್ರದಿಂದಲೇ ಅವಧಿವಾರು ಪ್ರತಿ ಪಡೆಯುವುದು. ಡಿ.ವಿ.ಆರ್.ನಲ್ಲಿ ಆರಂಭದ ಮತ್ತು ಅಂತ್ಯದ ವೇಳೆಯನ್ನು ನಮೂದಿಸಿ ಬ್ಯಾಕಪ್ ಅಥವಾ ಎಕ್ಸ್‌ಪೋರ್ಟ್ ಆಯ್ಕೆಯಿಂದ ಪ್ರತಿ ಪಡೆಯಬಹುದು. ಒಂದೊಂದು ಗಂಟೆಯ ಕಡತಗಳಾಗಿ ಪಡೆದಲ್ಲಿ ಮುಂದೆ ಕತ್ತರಿಸುವ ಕೆಲಸವೇ ಇರುವುದಿಲ್ಲ. ಇದು ಎಲ್ಲಕ್ಕಿಂತ ಉತ್ತಮ ಮಾರ್ಗ. ಘಟನೆಯ ಕೆಲವೇ ಸೆಕೆಂಡುಗಳನ್ನು ಮಾತ್ರ ತೆಗೆಯದೆ, ಅದರ ಹಿಂದಿನ ಮತ್ತು ಮುಂದಿನ ಸಾಕಷ್ಟು ಅವಧಿಯನ್ನೂ ಸೇರಿಸಬೇಕು. ಮುಂಚಿನ ಮತ್ತು ನಂತರದ ದೃಶ್ಯವಿಲ್ಲದ ತುಣುಕಿನ ಬಗ್ಗೆ ಎದುರುದಾರರು ಸಂದೇಹ ಎತ್ತುವುದು ಸುಲಭ.

ಆ) ಹೆಚ್ಚು ಸಾಮರ್ಥ್ಯದ ಡಿಸ್ಕ್ ಬಳಸುವುದು. 5ರಿಂದ 8 ಗಿಗಾಬೈಟ್‌ವರೆಗಿನ ಒಂದೇ ಕಡತವಾದಲ್ಲಿ ಎರಡು ಪದರದ ಡಿ.ವಿ.ಡಿ. ಸಾಕಾಗುತ್ತದೆ. 4 ಗಿಗಾಬೈಟ್ ಮೀರಿದ ಕಡತವನ್ನು ಬರೆಯುವಾಗ ಯು.ಡಿ.ಎಫ್. ಎಂಬ ಕಡತ ವ್ಯವಸ್ಥೆಯನ್ನು ಆರಿಸಿಕೊಳ್ಳಬೇಕು. ಹಳೆಯ ಐ.ಎಸ್.ಒ. 9660 ವ್ಯವಸ್ಥೆ ಅಷ್ಟು ದೊಡ್ಡ ಕಡತಕ್ಕೆ ಸೂಕ್ತವಲ್ಲ. ಫ್ಯಾಟ್-32 ವ್ಯವಸ್ಥೆಯ ಪೆನ್‌ಡ್ರೈವ್‌ಗೂ ಇದೇ ಮಿತಿ ಇದೆ. ಪೆನ್‌ಡ್ರೈವ್‌ನಲ್ಲಿ ಜಾಗವಿದ್ದರೂ ದೊಡ್ಡ ಕಡತ ಪ್ರತಿಯಾಗದಿರುವುದಕ್ಕೆ ಸಾಮಾನ್ಯವಾಗಿ ಇದೇ ಕಾರಣ.

ಇ) ಕಡತವನ್ನು ಭಾಗ ಮಾಡುವುದು. ಇದರಲ್ಲಿ ಎರಡು ಬಗೆಗಳಿವೆ. ಮೊದಲನೆಯದು, ದೃಶ್ಯವನ್ನು ಮರುಸಂಕೇತಿಸದೆ ಅವಧಿಯ ಪ್ರಕಾರ ತುಂಡು ಮಾಡುವುದು. ಲಾಸ್‌ಲೆಸ್‌ಕಟ್‌ನಂತಹ ಉಚಿತ ತಂತ್ರಾಂಶಗಳು ಈ ಕೆಲಸ ಮಾಡುತ್ತವೆ. ಪ್ರತಿ ತುಂಡನ್ನೂ ನೇರವಾಗಿ ವೀಕ್ಷಿಸಬಹುದು. ಎರಡನೆಯದು, ಸೆವೆನ್-ಜಿಪ್‌ನಂತಹ ತಂತ್ರಾಂಶದಿಂದ ಕಡತವನ್ನು ಕೇವಲ ಗಾತ್ರದ ಪ್ರಕಾರ ಹೋಳು ಮಾಡುವುದು. ಹೋಳುಗಳನ್ನು ಮತ್ತೆ ಜೋಡಿಸಿದಾಗ ಮೂಲ ಕಡತ ಒಂದು ಬಿಟ್ಟೂ ವ್ಯತ್ಯಾಸವಿಲ್ಲದೆ ದೊರೆಯುತ್ತದೆ. ಆದರೆ ಜೋಡಿಸುವವರೆಗೆ ದೃಶ್ಯವನ್ನು ವೀಕ್ಷಿಸಲು ಬರುವುದಿಲ್ಲವಾದ್ದರಿಂದ ಕಚೇರಿಗೆ ಸಲ್ಲಿಸುವ ಪ್ರತಿಗೆ ಮೊದಲನೆಯ ಬಗೆಯೇ ಅನುಕೂಲ.

ಈ) ಕುಗ್ಗಿಸುವುದು. ಅಂದರೆ ಬಿಟ್ ದರವನ್ನು ಇಳಿಸಿ ದೃಶ್ಯವನ್ನು ಹೊಸದಾಗಿ ಸಂಕೇತಿಸುವುದು. ದಾಖಲೆಯ ಪ್ರತಿಗೆ ಈ ಮಾರ್ಗ ಸಲ್ಲದು.

6. ಕುಗ್ಗಿಸುವುದರಿಂದ ಆಗುವ ನಷ್ಟ

ವೀಡಿಯೊವನ್ನು ಕುಗ್ಗಿಸುವ ತಂತ್ರಾಂಶವು ಮನುಷ್ಯನ ಕಣ್ಣು ಸುಲಭವಾಗಿ ಗಮನಿಸದ ಸೂಕ್ಷ್ಮ ವಿವರಗಳನ್ನು ಮೊದಲು ಕೈಬಿಡುತ್ತದೆ. ಕತ್ತಲಿನ ಭಾಗದಲ್ಲಿರುವ ವಿವರ, ವೇಗವಾಗಿ ಚಲಿಸುವ ವಸ್ತುವಿನ ಅಂಚು, ದೂರದ ಸಣ್ಣ ಅಕ್ಷರಗಳು ಮೊದಲಿಗೆ ಬಲಿಯಾಗುತ್ತವೆ. ಚಲನಚಿತ್ರ ನೋಡುವವರಿಗೆ ಇದು ತಿಳಿಯುವುದೇ ಇಲ್ಲ. ಆದರೆ ರಾತ್ರಿಯ ದೃಶ್ಯದಲ್ಲಿ ವಾಹನದ ಸಂಖ್ಯೆ ಅಥವಾ ವ್ಯಕ್ತಿಯ ಮುಖ ಬೇಕಾದವರಿಗೆ ಬೇಕಾಗಿರುವುದು ಇದೇ ವಿವರ. ಒಮ್ಮೆ ಕೈಬಿಟ್ಟ ವಿವರವನ್ನು ಕುಗ್ಗಿಸಿದ ಪ್ರತಿಯಿಂದ ಮರಳಿ ಪಡೆಯಲಾಗದು. ತರುವಾಯ ಅದನ್ನು ಎಷ್ಟೇ ದೊಡ್ಡ ಗಾತ್ರಕ್ಕೆ ಪರಿವರ್ತಿಸಿದರೂ ಪ್ರಯೋಜನವಿಲ್ಲ.

ಇನ್ನೊಂದು ಎಚ್ಚರಿಕೆ. ಅಂಗಡಿಯಲ್ಲಿ ಡಿ.ವಿ.ಡಿ. ಮಾಡಿಸುವಾಗ ಟಿ.ವಿ.ಯ ಪ್ಲೇಯರ್‌ನಲ್ಲಿ ನೋಡುವ ಡಿ.ವಿ.ಡಿ.-ವೀಡಿಯೊ ರೂಪಕ್ಕೆ ಪರಿವರ್ತಿಸಿ ಕೊಡುವ ಪದ್ಧತಿ ಇದೆ. ಭಾರತದಲ್ಲಿ ಬಳಕೆಯಲ್ಲಿರುವ ಪಾಲ್ ಪದ್ಧತಿಯ ಡಿ.ವಿ.ಡಿ.-ವೀಡಿಯೊದ ಚಿತ್ರದಲ್ಲಿ ಅಡ್ಡಲಾಗಿ 720, ಉದ್ದಕ್ಕೆ 576 ಬಿಂದುಗಳು ಇರುತ್ತವೆ. ಕ್ಯಾಮೆರಾದ ಮೂಲ ದೃಶ್ಯ 1920 ಮತ್ತು 1080 ಬಿಂದುಗಳದ್ದಾಗಿದ್ದಲ್ಲಿ, ಪರಿವರ್ತನೆಯ ನಂತರ ಉಳಿಯುವುದು ಐದರಲ್ಲಿ ಒಂದು ಭಾಗ ಬಿಂದುಗಳು ಮಾತ್ರ. ವೀಡಿಯೊ ಸಿ.ಡಿ. ರೂಪಕ್ಕೆ ಇಳಿಸಿದಲ್ಲಿ (352 ಮತ್ತು 288 ಬಿಂದುಗಳು) ಇಪ್ಪತ್ತರಲ್ಲಿ ಒಂದು ಭಾಗವೂ ಉಳಿಯುವುದಿಲ್ಲ. ಆದುದರಿಂದ ಅಂಗಡಿಯವರಿಗೆ "ಡೇಟಾ ಡಿ.ವಿ.ಡಿ. ಮಾಡಿಕೊಡಿ, ಫೈಲ್ ಪರಿವರ್ತಿಸಬೇಡಿ" ಎಂದು ಸ್ಪಷ್ಟವಾಗಿ ತಿಳಿಸಬೇಕು.

ವಾಟ್ಸ್‌ಆಪ್ ಮುಖಾಂತರ ವೀಡಿಯೊ ಆಗಿ ಕಳುಹಿಸಿದ ದೃಶ್ಯವೂ ಸಾಮಾನ್ಯವಾಗಿ ಕುಗ್ಗಿರುತ್ತದೆ. ಅಂತಹ ಪ್ರತಿಯನ್ನು ಡಿಸ್ಕ್‌ಗೆ ಬರೆಯುವ ಬದಲು ಚಿತ್ರೀಕರಿಸಿದ ಮೊಬೈಲ್‌ನಿಂದ ನೇರವಾಗಿ ತಂತಿಯ ಮೂಲಕ ಪ್ರತಿ ಪಡೆಯತಕ್ಕದ್ದು.

7. ಹ್ಯಾಶ್ ಮೌಲ್ಯ ಮತ್ತು ಪ್ರಮಾಣಪತ್ರ

ಕಡತದಲ್ಲಿರುವ ಎಲ್ಲ ಮಾಹಿತಿಯಿಂದ ಲೆಕ್ಕ ಹಾಕಿ ಪಡೆಯುವ ನಿಗದಿತ ಉದ್ದದ ಗುರುತೇ ಹ್ಯಾಶ್ ಮೌಲ್ಯ. ಎಸ್.ಎಚ್.ಎ.-256 ವಿಧಾನದಲ್ಲಿ ಇದು 64 ಅಕ್ಷರ ಮತ್ತು ಅಂಕಿಗಳ ಸಾಲಾಗಿರುತ್ತದೆ. ಕಡತದ ಹೆಸರನ್ನು ಬದಲಿಸಿದರೆ ಈ ಮೌಲ್ಯ ಬದಲಾಗುವುದಿಲ್ಲ. ಒಳಗಿನ ಒಂದು ಬಿಟ್ ಬದಲಾದರೂ ಮೌಲ್ಯ ಪೂರ್ತಿ ಬೇರೆಯಾಗುತ್ತದೆ. ಡಿಸ್ಕ್‌ನಲ್ಲಿರುವ ಪ್ರತಿ ಮತ್ತು ಯಂತ್ರದಿಂದ ಪಡೆದ ಪ್ರತಿ ಒಂದೇ ಎಂಬುದನ್ನು ತೋರಿಸಲು ಎರಡರ ಹ್ಯಾಶ್ ಮೌಲ್ಯ ತಾಳೆಯಾದರೆ ಸಾಕು. ಕುಗ್ಗಿಸಿದ ಕಡತದಲ್ಲಿ ಈ ತಾಳೆ ಸಾಧ್ಯವೇ ಇಲ್ಲ. ತುಂಡು ಮಾಡಿದ ಕಡತವೂ ಹೊಸ ಕಡತವೇ ಆದುದರಿಂದ ಮೂಲ ಕಡತದ ಮೌಲ್ಯವನ್ನೂ ಪ್ರತಿ ತುಂಡಿನ ಮೌಲ್ಯವನ್ನೂ ಪ್ರತ್ಯೇಕವಾಗಿ ಬರೆದಿಡಬೇಕು. ವಿಂಡೋಸ್‌ನಲ್ಲಿರುವ ಸರ್ಟ್‌ಯುಟಿಲ್ ಸೌಲಭ್ಯದಿಂದ ಅಥವಾ ಸೆವೆನ್-ಜಿಪ್ ತಂತ್ರಾಂಶದಿಂದ ಹ್ಯಾಶ್ ಮೌಲ್ಯವನ್ನು ಪಡೆಯಬಹುದು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಪ್ರಕರಣ 63ರಂತೆ ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸುವಾಗ ನಿಗದಿತ ನಮೂನೆಯ ಪ್ರಮಾಣಪತ್ರವನ್ನು ಲಗತ್ತಿಸತಕ್ಕದ್ದು. ನಮೂನೆಯು ಅಧಿನಿಯಮದ ಅನುಸೂಚಿಯಲ್ಲಿದ್ದು ಎರಡು ಭಾಗಗಳನ್ನು ಹೊಂದಿದೆ. ಭಾಗ-ಎ ಯನ್ನು ದಾಖಲೆ ಹಾಜರುಪಡಿಸುವ ಕಡೆಯವರೂ ಭಾಗ-ಬಿ ಯನ್ನು ತಜ್ಞರೂ ಭರ್ತಿ ಮಾಡಬೇಕು. ಸಾಧನದ ತಯಾರಿಕೆ, ಮಾದರಿ, ಕ್ರಮ ಸಂಖ್ಯೆ ಹಾಗೂ ಹ್ಯಾಶ್ ಮೌಲ್ಯ ಮತ್ತು ಅದನ್ನು ಪಡೆದ ವಿಧಾನವನ್ನು ಇದರಲ್ಲಿ ನಮೂದಿಸಬೇಕಾಗುತ್ತದೆ. ಇದಕ್ಕೆ ಹಿಂದೆ ಜಾರಿಯಲ್ಲಿದ್ದ ಭಾರತೀಯ ಸಾಕ್ಷ್ಯ ಅಧಿನಿಯಮ, 1872ರ ಪ್ರಕರಣ 65-ಬಿ ಯಲ್ಲಿಯೂ ಪ್ರಮಾಣಪತ್ರದ ಅವಶ್ಯಕತೆ ಇತ್ತು.

ಈ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯದ ಮೂರು ತೀರ್ಪುಗಳು ಗಮನಾರ್ಹ. ಮೂರರಲ್ಲಿಯೂ ವಿವಾದಕ್ಕೆ ಒಳಪಟ್ಟಿದ್ದು ಧ್ವನಿ ಅಥವಾ ದೃಶ್ಯ ಮುದ್ರಣಗಳೇ.

ಅ) ಅನ್ವರ್ ಪಿ.ವಿ. ವಿರುದ್ಧ ಪಿ.ಕೆ. ಬಷೀರ್ (2014ರ ಸೆಪ್ಟೆಂಬರ್ 18). ಕೇರಳ ವಿಧಾನಸಭೆಯ 2011ರ ಚುನಾವಣೆಗೆ ಸಂಬಂಧಿಸಿದ ಈ ಪ್ರಕರಣದಲ್ಲಿ ಭಾಷಣ, ಹಾಡು ಮತ್ತು ಘೋಷಣೆಗಳನ್ನು ಗಣಕಯಂತ್ರಕ್ಕೆ ವರ್ಗಾಯಿಸಿ ಸಿ.ಡಿ.ಗಳನ್ನು ತಯಾರಿಸಲಾಗಿತ್ತು. ಪ್ರಮಾಣಪತ್ರವಿಲ್ಲದ ಆ ಸಿ.ಡಿ.ಗಳನ್ನು ಸಾಕ್ಷ್ಯವಾಗಿ ಸ್ವೀಕರಿಸಲು ಬರುವುದಿಲ್ಲವೆಂದು ತೀರ್ಮಾನಿಸಲಾಯಿತು.

ಆ) ಬೆಂಗಳೂರಿನ ಕರ್ನಾಟಕ ಲೋಕಾಯುಕ್ತ ಪೊಲೀಸ್ ಠಾಣೆಯ ಪ್ರಕರಣ (2019ರ ಮೇ 1). ದೂರುದಾರರು ಗುಪ್ತ ಕ್ಯಾಮೆರಾದಲ್ಲಿ ಮಾಡಿದ ಮುದ್ರಣ ಇದರಲ್ಲಿ ಚರ್ಚೆಗೆ ಬಂದಿತು. ದೋಷಾರೋಪಣ ಪಟ್ಟಿಯೊಂದಿಗೆ ಪ್ರಮಾಣಪತ್ರ ಇರಲಿಲ್ಲ ಎಂಬ ಒಂದೇ ಕಾರಣಕ್ಕೆ ಪ್ರಕರಣ ಬಿದ್ದುಹೋಗುವುದಿಲ್ಲ, ದಾಖಲೆಯನ್ನು ಸಾಕ್ಷ್ಯವಾಗಿ ಹಾಜರುಪಡಿಸುವ ಹಂತದಲ್ಲಿ ಪ್ರಮಾಣಪತ್ರದ ಪ್ರಶ್ನೆ ಬರುತ್ತದೆ ಎಂದು ನ್ಯಾಯಾಲಯ ತಿಳಿಸಿತು.

ಇ) ಅರ್ಜುನ್ ಪಂಡಿತರಾವ್ ಖೋಟ್ಕರ್ ವಿರುದ್ಧ ಕೈಲಾಶ್ ಕುಶನರಾವ್ ಗೋರಂಟ್ಯಾಲ್ (2020ರ ಜುಲೈ 14). ಚುನಾವಣಾಧಿಕಾರಿ ಕಚೇರಿಯ ಕ್ಯಾಮೆರಾ ದೃಶ್ಯಗಳ ವಿ.ಸಿ.ಡಿ.ಗಳು ಇದರ ವಿಷಯ. ಪ್ರತಿಗೆ ಪ್ರಮಾಣಪತ್ರ ಕಡ್ಡಾಯ, ಆದರೆ ಮೂಲ ಸಾಧನವನ್ನೇ ಹಾಜರುಪಡಿಸಿದಲ್ಲಿ ಅದರ ಅಗತ್ಯವಿಲ್ಲ ಎಂದು ಮೂವರು ನ್ಯಾಯಮೂರ್ತಿಗಳ ಪೀಠ ಸ್ಪಷ್ಟಪಡಿಸಿತು. ಸಂಬಂಧಪಟ್ಟವರು ಪ್ರಮಾಣಪತ್ರ ನೀಡಲು ನಿರಾಕರಿಸಿದಲ್ಲಿ ಅದನ್ನು ಕೊಡಿಸುವಂತೆ ನ್ಯಾಯಾಲಯವನ್ನು ಕೋರಬಹುದು.

ಸಾಮಾನ್ಯ ನಾಗರಿಕರು ಇವುಗಳಿಂದ ತಿಳಿಯಬೇಕಾದುದು ಇಷ್ಟು: ಡಿಸ್ಕ್ ಸಲ್ಲಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಮೂಲ ಮೊಬೈಲ್, ಮೆಮೊರಿ ಕಾರ್ಡ್ ಅಥವಾ ಡಿ.ವಿ.ಆರ್.ನಿಂದ ನೇರವಾಗಿ ಪಡೆದ ಕಡತವನ್ನು ಪ್ರಕರಣ ಮುಗಿಯುವವರೆಗೆ ಅಳಿಸದೆ ಕಾಪಾಡಿಕೊಳ್ಳಬೇಕು. ಪ್ರತಿ ಪಡೆಯುವ ದಿನವೇ ಯಂತ್ರದ ವಿವರ ಮತ್ತು ಹ್ಯಾಶ್ ಮೌಲ್ಯವನ್ನು ಬರೆದಿಟ್ಟುಕೊಂಡಲ್ಲಿ ವರ್ಷಗಳ ನಂತರ ಪ್ರಮಾಣಪತ್ರ ಭರ್ತಿ ಮಾಡುವಾಗ ಪರದಾಡಬೇಕಾಗುವುದಿಲ್ಲ.

8. ಡಿಸ್ಕ್ ಬರೆಯುವ ಕ್ರಮ

ಅ) ಹೊಸ, ಗೀರುಗಳಿಲ್ಲದ, ಒಮ್ಮೆ ಮಾತ್ರ ಬರೆಯಬಹುದಾದ ಆರ್ ಡಿಸ್ಕ್ ಬಳಸತಕ್ಕದ್ದು. ಮತ್ತೆ ಮತ್ತೆ ಬರೆಯಬಹುದಾದ ಆರ್.ಡಬ್ಲ್ಯೂ. ಡಿಸ್ಕ್ ಬಳಸಬಾರದು.
ಆ) ವಿಂಡೋಸ್‌ನಲ್ಲಿ ಡಿಸ್ಕ್ ಹಾಕಿದಾಗ ಎರಡು ಆಯ್ಕೆಗಳು ಬರುತ್ತವೆ. "ಯು.ಎಸ್.ಬಿ. ಫ್ಲ್ಯಾಶ್ ಡ್ರೈವ್‌ನಂತೆ" ಎಂಬುದನ್ನು ಬಿಟ್ಟು "ಸಿ.ಡಿ./ಡಿ.ವಿ.ಡಿ. ಪ್ಲೇಯರ್‌ನೊಂದಿಗೆ" ಎಂಬುದನ್ನು ಆರಿಸಬೇಕು. ಬೇರೆ ತಂತ್ರಾಂಶಗಳಲ್ಲಿ ಫೈನಲೈಸ್ ಅಥವಾ ಕ್ಲೋಸ್ ಡಿಸ್ಕ್ ಎಂಬ ಆಯ್ಕೆಯನ್ನು ಗುರುತಿಸಬೇಕು.
ಇ) ಡ್ರೈವ್‌ನ ಅತಿ ಹೆಚ್ಚಿನ ವೇಗವನ್ನು ಬಿಟ್ಟು ಮಧ್ಯಮ ವೇಗದಲ್ಲಿ ಬರೆಯುವುದು ಒಳ್ಳೆಯದು. ಬರೆಯುತ್ತಿರುವಾಗ ಗಣಕಯಂತ್ರದಲ್ಲಿ ಬೇರೆ ಭಾರವಾದ ಕೆಲಸ ಮಾಡಬಾರದು.
ಈ) ತಂತ್ರಾಂಶದಲ್ಲಿ ವೆರಿಫೈ ಆಯ್ಕೆ ಇದ್ದಲ್ಲಿ ಅದನ್ನು ಬಳಸಬೇಕು. ನಂತರ ಡಿಸ್ಕ್‌ನಲ್ಲಿರುವ ಕಡತದ ಹ್ಯಾಶ್ ಮೌಲ್ಯವನ್ನು ತಾಳೆ ನೋಡಬೇಕು.
ಉ) ಬರೆದ ಗಣಕಯಂತ್ರದಲ್ಲಿ ಮಾತ್ರವಲ್ಲದೆ ಇನ್ನೊಂದು ಗಣಕಯಂತ್ರದಲ್ಲಿಯೂ ದೃಶ್ಯವನ್ನು ತೆರೆದು ಆರಂಭ, ಮಧ್ಯ ಮತ್ತು ಕೊನೆಯ ಭಾಗಗಳನ್ನು ವೀಕ್ಷಿಸಬೇಕು.
ಊ) ಕೆಲವು ಡಿ.ವಿ.ಆರ್.ಗಳ ದೃಶ್ಯವನ್ನು ಅವುಗಳದೇ ಪ್ಲೇಯರ್ ತಂತ್ರಾಂಶದಲ್ಲಿ ಮಾತ್ರ ನೋಡಬಹುದು. ಅಂತಹ ಸಂದರ್ಭದಲ್ಲಿ ಆ ಪ್ಲೇಯರನ್ನೂ ಅದೇ ಡಿಸ್ಕ್‌ನಲ್ಲಿ ಸೇರಿಸಬೇಕು. ಡಿಸ್ಕ್‌ಗೆ ಪಾಸ್‌ವರ್ಡ್ ಹಾಕಬಾರದು.

ಎರಡು ಪ್ರತಿಗಳನ್ನು ತಯಾರಿಸಿ ಒಂದನ್ನು ಸಲ್ಲಿಸಿ ಇನ್ನೊಂದನ್ನು ಅರ್ಜಿದಾರರು ತಮ್ಮಲ್ಲಿ ಇರಿಸಿಕೊಳ್ಳತಕ್ಕದ್ದು.

9. ಡಿಸ್ಕ್‌ನ ಮೇಲೆ ಮತ್ತು ಪತ್ರದಲ್ಲಿ ನಮೂದಿಸಬೇಕಾದ ವಿವರಗಳು

ಡಿಸ್ಕ್‌ನ ಮುದ್ರಿತ ಬದಿಯಲ್ಲಿ ಸಿ.ಡಿ. ಮಾರ್ಕರ್ ಲೇಖನಿಯಿಂದ ಮಾತ್ರ ಬರೆಯಬೇಕು. ಬಾಲ್ ಪೆನ್ನಿನ ಒತ್ತಡದಿಂದ ಒಳಪದರಕ್ಕೆ ಹಾನಿಯಾಗಬಹುದು. ಕಾಗದದ ಚೀಟಿ ಅಂಟಿಸಿದಲ್ಲಿ ಡಿಸ್ಕ್ ತಿರುಗುವಾಗ ಸಮತೋಲ ತಪ್ಪುತ್ತದೆ. ಒಂದಕ್ಕಿಂತ ಹೆಚ್ಚು ಡಿಸ್ಕ್‌ಗಳಿದ್ದಲ್ಲಿ "3ರಲ್ಲಿ 1", "3ರಲ್ಲಿ 2" ಎಂದು ಕ್ರಮವಾಗಿ ಗುರುತಿಸಬೇಕು. ಗಟ್ಟಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಸಲ್ಲಿಸುವುದು ಸೂಕ್ತ. ಕಾಗದಗಳೊಂದಿಗೆ ಸ್ಟೇಪಲ್ ಮಾಡಕೂಡದು.

ಲಗತ್ತಿಸುವ ಪತ್ರದಲ್ಲಿ ಈ ಕೆಳಕಂಡ ವಿವರಗಳಿರತಕ್ಕದ್ದು: ಅರ್ಜಿ ಅಥವಾ ಪ್ರಕರಣದ ಸಂಖ್ಯೆ, ಡಿಸ್ಕ್‌ಗಳ ಸಂಖ್ಯೆ, ಪ್ರತಿ ಕಡತದ ಹೆಸರು, ಗಾತ್ರ ಮತ್ತು ಅವಧಿ, ಕ್ಯಾಮೆರಾ ಇರುವ ಸ್ಥಳ, ಪ್ರತಿ ಪಡೆದ ದಿನಾಂಕ ಮತ್ತು ವೇಳೆ, ಪಡೆದವರ ಹೆಸರು, ಗಡಿಯಾರದ ವ್ಯತ್ಯಾಸ, ಹ್ಯಾಶ್ ಮೌಲ್ಯ. ಮುಖ್ಯ ಘಟನೆ ಯಾವ ಡಿಸ್ಕ್‌ನ ಎಷ್ಟನೇ ನಿಮಿಷದಲ್ಲಿದೆ ಎಂಬುದನ್ನು ತಪ್ಪದೆ ಬರೆಯಬೇಕು. ಆರು ಗಂಟೆಗಳ ದೃಶ್ಯದಲ್ಲಿ ಅದನ್ನು ಹುಡುಕುವ ಅಧಿಕಾರಿಗೆ ಈ ಒಂದು ಸಾಲಿನಿಂದ ಬಹಳ ನೆರವಾಗುತ್ತದೆ. ಪತ್ರದ ಎರಡನೇ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಪಡೆಯಲು ಮರೆಯಬಾರದು.

10. ಸರ್ಕಾರಿ ಕಚೇರಿಯಿಂದ ವೀಡಿಯೊ ಪ್ರತಿ ಪಡೆಯುವುದು

ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 2(ಜೆ) ಪ್ರಕಾರ ಟೇಪು, ವೀಡಿಯೊ ಕ್ಯಾಸೆಟ್ ಅಥವಾ ಇತರ ಯಾವುದೇ ವಿದ್ಯುನ್ಮಾನ ರೂಪದಲ್ಲಿ ಮಾಹಿತಿ ಪಡೆಯುವ ಹಕ್ಕು ನಾಗರಿಕರಿಗಿದೆ. ಪ್ರಕರಣ 7(9)ರಂತೆ ಮಾಹಿತಿಯನ್ನು ಸಾಮಾನ್ಯವಾಗಿ ಕೋರಿದ ರೂಪದಲ್ಲಿಯೇ ಒದಗಿಸಬೇಕು. ಆದುದರಿಂದ ಅರ್ಜಿಯಲ್ಲಿ "ಮೂಲ ರೂಪದಲ್ಲಿಯೇ, ಪರಿವರ್ತಿಸದೆ, ಡೇಟಾ ಡಿ.ವಿ.ಡಿ.ಯಲ್ಲಿ ಒದಗಿಸುವುದು" ಎಂದು ನಮೂದಿಸಬಹುದು. ತನಿಖೆಗೆ ಅಡ್ಡಿಯಾಗುವ ಅಥವಾ ವ್ಯಕ್ತಿಯ ಖಾಸಗಿತನಕ್ಕೆ ಸಂಬಂಧಿಸಿದ ಮಾಹಿತಿ ಪ್ರಕರಣ 8ರ ವಿನಾಯಿತಿಗೆ ಒಳಪಡಬಹುದು. ಉತ್ತರಕ್ಕೆ 30 ದಿನಗಳ ಕಾಲಾವಕಾಶ ಇರುವುದರಿಂದ, ಅಷ್ಟರೊಳಗೆ ದೃಶ್ಯ ಅಳಿಸಿಹೋಗದಂತೆ ಕಾಯ್ದಿರಿಸಲು ಅರ್ಜಿ ಸಲ್ಲಿಸುವ ದಿನವೇ ಪ್ರತ್ಯೇಕ ಪತ್ರದಲ್ಲಿ ಕೋರುವುದು ಒಳಿತು.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸುಲಭವಾಗಿ ನೋಡಲು ಚಿಕ್ಕ ಪ್ರತಿಯೊಂದನ್ನೂ ಕೊಡಬಹುದೇ?
ಉತ್ತರ: ಕೊಡಬಹುದು. ಅದರ ಮೇಲೆ "ವೀಕ್ಷಣೆಗೆ ಮಾತ್ರ, ಕುಗ್ಗಿಸಿದ ಪ್ರತಿ" ಎಂದು ಬರೆದಿರಬೇಕು. ಮೂಲ ಗುಣಮಟ್ಟದ ಡಿಸ್ಕ್‌ಗಳು ಅದರ ಜೊತೆಗಿರಬೇಕು.

ಪ್ರಶ್ನೆ: ಡಿ.ವಿ.ಆರ್.ನ ಪರದೆಯನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿ ಕೊಟ್ಟರೆ ಸಾಲದೇ?
ಉತ್ತರ: ತುರ್ತು ಮಾಹಿತಿಗೆ ಉಪಯೋಗವಾಗಬಹುದು. ದಾಖಲೆಗೆ ಯಂತ್ರದಿಂದ ನೇರವಾಗಿ ಪಡೆದ ಕಡತವೇ ಬೇಕು. ಪರದೆಯ ಚಿತ್ರೀಕರಣದಲ್ಲಿ ವಿವರ ನಷ್ಟವಾಗುವುದಲ್ಲದೆ ಮೂಲ ಕಡತದೊಂದಿಗೆ ತಾಳೆ ನೋಡಲು ಬರುವುದಿಲ್ಲ.

ಪ್ರಶ್ನೆ: ಕಡತವನ್ನು ಜಿಪ್ ಮಾಡಿದರೆ ಚಿಕ್ಕದಾಗುವುದಿಲ್ಲವೇ?
ಉತ್ತರ: ಹೆಚ್ಚಿನ ಪ್ರಯೋಜನವಿಲ್ಲ. ವೀಡಿಯೊ ಕಡತವನ್ನು ಕ್ಯಾಮೆರಾ ಈಗಾಗಲೇ ಅಡಕಗೊಳಿಸಿರುವುದರಿಂದ ಜಿಪ್ ಮಾಡಿದರೆ ಗಾತ್ರ ಬಹುತೇಕ ಅಷ್ಟೇ ಉಳಿಯುತ್ತದೆ.

ಪ್ರಶ್ನೆ: ಮನೆಯ ಗಣಕಯಂತ್ರದಲ್ಲಿ ಡಿ.ವಿ.ಡಿ. ಡ್ರೈವ್ ಇಲ್ಲದಿದ್ದಲ್ಲಿ ಏನು ಮಾಡಬೇಕು?
ಉತ್ತರ: ಯು.ಎಸ್.ಬಿ. ಮೂಲಕ ಜೋಡಿಸುವ ಹೊರ ಡ್ರೈವ್ ಬಳಸಬಹುದು. ಅಂಗಡಿಯಲ್ಲಿ ಮಾಡಿಸುವುದಾದರೆ ಎದುರಿಗೆ ಇದ್ದು ಮಾಡಿಸಿ, ಅಲ್ಲಿನ ಗಣಕಯಂತ್ರಕ್ಕೆ ಪ್ರತಿ ಮಾಡಿದ ಕಡತವನ್ನು ಅಳಿಸಿ ಬರಬೇಕು. ಗಾಯಾಳುಗಳು ಮತ್ತು ದಾರಿಹೋಕರು ಕಾಣುವ ದೃಶ್ಯ ಬೇರೆಯವರ ಕೈಸೇರುವುದು ಸರಿಯಲ್ಲ.

ಪ್ರಶ್ನೆ: ಡಿಸ್ಕ್ ಎಷ್ಟು ಕಾಲ ಬಾಳುತ್ತದೆ?
ಉತ್ತರ: ಡಿಸ್ಕ್‌ನ ಗುಣಮಟ್ಟ ಮತ್ತು ಇರಿಸುವ ರೀತಿಯನ್ನು ಅದು ಅವಲಂಬಿಸಿದೆ. ಬಿಸಿಲು, ಶಾಖ ಮತ್ತು ತೇವದಿಂದ ದೂರವಿರಿಸಬೇಕು. ಡಿಸ್ಕ್ ಒಂದನ್ನೇ ನಂಬದೆ ಹಾರ್ಡ್ ಡಿಸ್ಕ್‌ನಲ್ಲಿಯೂ ಒಂದು ಪ್ರತಿ ಇಟ್ಟುಕೊಳ್ಳುವುದು ಕ್ಷೇಮ.

12. ಸಲ್ಲಿಸುವ ಮುನ್ನ ಪರಿಶೀಲನೆ

ಅ) ಕಚೇರಿ ಅಥವಾ ನ್ಯಾಯಾಲಯ ಯಾವ ಮಾಧ್ಯಮವನ್ನು ಸ್ವೀಕರಿಸುತ್ತದೆ ಎಂದು ವಿಚಾರಿಸಲಾಗಿದೆಯೇ?
ಆ) ದೃಶ್ಯವನ್ನು ಕುಗ್ಗಿಸದೆ, ಪರಿವರ್ತಿಸದೆ ಬರೆಯಲಾಗಿದೆಯೇ?
ಇ) ಡಿಸ್ಕ್ ಮುಕ್ತಾಯಗೊಂಡಿದೆಯೇ? ಇನ್ನೊಂದು ಗಣಕಯಂತ್ರದಲ್ಲಿ ತೆರೆಯುತ್ತದೆಯೇ?
ಈ) ಹ್ಯಾಶ್ ಮೌಲ್ಯ ತಾಳೆಯಾಗಿದೆಯೇ?
ಉ) ಘಟನೆಯ ವೇಳೆಯನ್ನು ಪತ್ರದಲ್ಲಿ ನಮೂದಿಸಲಾಗಿದೆಯೇ?
ಊ) ಮೂಲ ಸಾಧನ ಅಥವಾ ಮೂಲ ಕಡತ ಸುರಕ್ಷಿತವಾಗಿದೆಯೇ?

ಈ ಮಾಹಿತಿಯು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ನ್ಯಾಯಾಲಯದ ಪ್ರಕರಣಗಳಲ್ಲಿ ಪ್ರಮಾಣಪತ್ರದ ಭರ್ತಿ ಮತ್ತು ತಜ್ಞರ ಆಯ್ಕೆಯ ಬಗ್ಗೆ ವಕೀಲರ ಸಲಹೆ ಪಡೆಯತಕ್ಕದ್ದು. ವಕೀಲರನ್ನು ನೇಮಿಸಿಕೊಳ್ಳಲು ಅಶಕ್ತರಾದ ಅರ್ಹರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಸಂಪರ್ಕಿಸಿ ಉಚಿತ ಕಾನೂನು ನೆರವು ಪಡೆಯಬಹುದು. ಸಾರ್ವಜನಿಕರು ಇದರ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.